ಬಫರ್‌ನಲ್ಲಿ ಗೆದ್ದ ಸೆನ್ಸರ್ ಸಾಲದು, ರೋಗಿಯ ಸೀರಮ್‌ನಲ್ಲಿ ಗೆಲ್ಲಬೇಕು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ವೈರಸ್ ಜ್ವರಗಳ ಪತ್ತೆಗೆ ಬಳಸುವ ನ್ಯಾನೋ ಆಪ್ಟಿಕಲ್ ಸೆನ್ಸರ್‌ಗಳ ಖರೀದಿ ಟೆಂಡರ್‌ನಲ್ಲಿ ಇರಬೇಕಾದ ಷರತ್ತುಗಳು

ಮಾನ್ಯರೇ,

ನ್ಯಾನೋ ಬಯೋಸೆನ್ಸರ್, ಅಂದರೆ ಅತಿಸಣ್ಣ ಕಣಗಳ ನೆರವಿನಿಂದ ರೋಗ ಗುರುತಿಸುವ ಸಾಧನ, ನಮ್ಮ ಪಿಎಚ್‌ಸಿಗಳ ಕಪಾಟಿನಲ್ಲಿ ಈಗಾಗಲೇ ಇದೆ. ಡೆಂಗಿ ಕಾರ್ಡ್ ಟೆಸ್ಟ್‌ನಲ್ಲಿ ಮೂಡುವ ಕೆಂಪು ಗೆರೆ, ಹೆಚ್ಚಿನ ಕಾರ್ಡ್‌ಗಳಲ್ಲಿ, ಸುಮಾರು 40 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು ಒಂದೆಡೆ ಸೇರಿ ಆದದ್ದು. 2024ರ ಜುಲೈನಲ್ಲಿ ಸರ್ಕಾರ ಈ ಕಾರ್ಡ್ ಟೆಸ್ಟ್‌ಗೆ 250 ರೂಪಾಯಿ, ಎಲೈಸಾ ಎಂಬ ಪ್ರಯೋಗಾಲಯದ ರಕ್ತಪರೀಕ್ಷೆಗೆ 300 ರೂಪಾಯಿ ಎಂದು ದರ ನಿಗದಿ ಮಾಡಿತು. ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಎರಡನ್ನೂ ನಾವು ಸ್ವಾಗತಿಸಿದ್ದೇವೆ. ಈ ಪತ್ರ ಗುಣಮಟ್ಟದ ಬಗ್ಗೆ. ಕಾರ್ಡ್ ಆಗಲಿ, ಬೆಳಕಿನಿಂದ ವೈರಸ್ ಹಿಡಿಯುವ ಚಿಪ್ ಆಗಲಿ, ಕೊಳ್ಳುವ ಮೊದಲು ಬಫರ್ ಎಂಬ ಶುದ್ಧ ಲವಣ ದ್ರಾವಣದಲ್ಲಷ್ಟೇ ಅಲ್ಲ, ನಮ್ಮದೇ ರೋಗಿಗಳ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದಲ್ಲಿ) ಪರೀಕ್ಷೆಯಾಗಬೇಕು. ಇದೇ ನಮ್ಮ ಮುಖ್ಯ ಕೋರಿಕೆ. ಕಾರಣಗಳನ್ನು ಮುಂದೆ ಬರೆದಿದ್ದೇವೆ.

ಚಿನ್ನದ ಕಣಗಳ ದ್ರಾವಣ ನೋಡಲು ಪುನರ್ಪುಳಿ ಪಾನಕದ ಹಾಗೆ ಕೆಂಪಗಿರುತ್ತದೆ. ಕಣದ ಮೇಲ್ಮೈಯ ಎಲೆಕ್ಟ್ರಾನುಗಳು 520–530 ನ್ಯಾನೋಮೀಟರ್‌ನ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಕಣ್ಣಿಗೆ ಕೆಂಪು ಉಳಿಯುತ್ತದೆ. ವೈರಸ್ಸಿನ ಅಂಶವನ್ನು ಗುರುತಿಸಿ ಹಿಡಿಯುವ ಪ್ರೋಟೀನ್, ಅಂದರೆ ಪ್ರತಿಕಾಯ, ಕಣದ ಸುತ್ತ ಸರಿಯಾಗಿ ಮೆತ್ತಿಕೊಂಡಿದ್ದರೆ ಶೇ 10ರ ಉಪ್ಪುನೀರು ಬಿಟ್ಟರೂ ಬಣ್ಣ ಕೆಡದು. ಇಲ್ಲವಾದರೆ ಕಣಗಳು ಒಂದಕ್ಕೊಂದು ಅಂಟಿ, ನೋಡನೋಡುತ್ತಲೇ ನೀಲಿಗೆ ತಿರುಗುತ್ತವೆ. ಈ ಉಪ್ಪಿನ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಪ್ರತಿ ಬ್ಯಾಚಿನ ಫಲಿತಾಂಶವನ್ನು ತಯಾರಕರಿಂದ ಬರಹದಲ್ಲಿ ಪಡೆಯಬೇಕು.

ಕಾರ್ಡ್‌ನೊಳಗಿನ ಪಟ್ಟಿಯಲ್ಲಿ ಸೀರಮ್ ಮೊದಲು ಒಣಗಿಸಿಟ್ಟ ಚಿನ್ನವನ್ನು ಎಬ್ಬಿಸಿಕೊಂಡು ನೈಟ್ರೋಸೆಲ್ಯುಲೋಸ್ ಹಾಳೆಯ ಮೇಲೆ ಸಾಗುತ್ತದೆ. ಡೆಂಗಿಯ ಎನ್‌ಎಸ್‌1 ಪ್ರೋಟೀನ್ ಇದ್ದರೆ ಕಣಗಳು ಟಿ (ಟೆಸ್ಟ್) ಗೆರೆಯಲ್ಲಿ ಸಿಕ್ಕಿಬೀಳುತ್ತವೆ, ಉಳಿದವು ಮುಂದಿನ ಸಿ (ಕಂಟ್ರೋಲ್) ಗೆರೆಯಲ್ಲಿ. ಸಿ ಗೆರೆ ಮೂಡಿತೆಂದರೆ ದ್ರವ ಹರಿಯಿತು, ಚಿನ್ನ ಎದ್ದಿತು ಎಂದಷ್ಟೇ ಅರ್ಥ. ಟಿ ಗೆರೆಯ ಪ್ರತಿಕಾಯ ಇನ್ನೂ ಬದುಕಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. 30 ಡಿಗ್ರಿಯೊಳಗೆ ಇಡಬೇಕಾದ ಪೆಟ್ಟಿಗೆ ತಗಡಿನ ಛಾವಣಿಯ ಗೋದಾಮಿನಲ್ಲಿ ವಾರಗಟ್ಟಲೆ ಕೂತರೆ ಸಿ ಗೆರೆ ಚೆನ್ನಾಗಿಯೇ ಬಂದು, ಟಿ ಗೆರೆ ಮೂಡದೇ ಹೋಗಬಹುದು. ರೋಗಿ ‘ನೆಗೆಟಿವ್’ ಚೀಟಿ ಹಿಡಿದು ಮನೆಗೆ ಹೋಗುತ್ತಾನೆ. ಆದ್ದರಿಂದ ಪ್ರತಿ ಹೊಸ ಲಾಟ್ ಬಂದಾಗ, ಆಮೇಲೆ ವಾರಕ್ಕೊಮ್ಮೆ, ಗೆರೆ ಮಸುಕಾಗಿ ಕಾಣುವಷ್ಟೇ ಎನ್‌ಎಸ್‌1 ಇರುವ ಕಂಟ್ರೋಲ್ ಸೀರಮ್ ಹಾಕಿ ನೋಡಬೇಕು. ಗಾಢ ಪಾಸಿಟಿವ್ ಹಾಕಿದರೆ ಅರ್ಧ ಕೆಟ್ಟ ಕಾರ್ಡ್ ಕೂಡ ಪಾಸಾಗಿಬಿಡುತ್ತದೆ.

ಮಳೆಗಾಲದ ಮಲೆನಾಡಿನಲ್ಲಿ ತೊಂದರೆ ತೇವದ್ದು. ಫ್ರಿಜ್‌ನಿಂದ ತೆಗೆದ ಪೊಟ್ಟಣವನ್ನು ತಕ್ಷಣ ಹರಿದರೆ ಪಟ್ಟಿಯ ಮೇಲೆ ನೀರಿನ ಪಸೆ ಕೂರುತ್ತದೆ, ಚಿನ್ನ ಅಲ್ಲಲ್ಲೇ ಅಂಟುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಹರಿಯಬೇಕು. ಇನ್ನು ಓದುವ ಸಮಯ: ಬಹಳಷ್ಟು ಕಾರ್ಡ್‌ಗಳಿಗೆ 15ರಿಂದ 20 ನಿಮಿಷ. ಒಪಿಡಿ ಗಲಾಟೆಯಲ್ಲಿ ಗಂಟೆ ಬಿಟ್ಟು ನೋಡಿದರೆ, ಒಣಗುವ ಹಾಳೆಯಲ್ಲಿ ಹಿಂದಕ್ಕೆ ಹರಿದ ಚಿನ್ನ ಇಲ್ಲದ ಗೆರೆಯನ್ನು ತೋರಿಸುತ್ತದೆ. ಕಾರ್ಡ್ ಜೊತೆ ಒಂದು ಟೈಮರ್ ಕೊಡುವುದು ದೊಡ್ಡ ಖರ್ಚಲ್ಲ.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಆಗುವುದು ಜ್ವರ ಶುರುವಾದ ದಿನವನ್ನು ಫಾರ್ಮ್‌ನಲ್ಲಿ ಬರೆಯದೆ ಬಿಟ್ಟಾಗ. ಎನ್‌ಎಸ್‌1 ಚೆನ್ನಾಗಿ ಸಿಗುವುದು ಮೊದಲ ಐದು ದಿನ. ಅಲ್ಲಿಂದ ಮುಂದೆ ಐಜಿಎಂ, ಅಂದರೆ ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯ, ನೋಡಬೇಕು. ಎರಡನೇ ಸಲ ಡೆಂಗಿ ಬಂದವರಲ್ಲಿ ಹಳೆಯ ಪ್ರತಿಕಾಯಗಳು ಎನ್‌ಎಸ್‌1 ಅನ್ನು ಸುತ್ತಿಕೊಂಡು ಮರೆಮಾಡುತ್ತವೆ. ಕಾಯಿಲೆ ಉಲ್ಬಣಿಸುವ ಅಪಾಯ ಹೆಚ್ಚಿರುವುದೂ ಇವರಲ್ಲೇ. ಕಾರ್ಡ್ ನೆಗೆಟಿವ್ ಬಂತೆಂದು ಇವರನ್ನು ಕಳಿಸಿಬಿಡಬಾರದು, ಎಲೈಸಾ ಮಾಡಿಸಲೇಬೇಕು.

ಇನ್ನು ಚಿಪ್‌ಗಳು. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಪದರ, ಅದರ ಮೇಲೆ ಪ್ರತಿಕಾಯ. ವೈರಸ್ ಬಂದು ಅಂಟಿದರೆ ಅಲ್ಲಿನ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಎಂಬ ಅಳತೆ) ಬದಲಾಗಿ ಬೆಳಕು ಅದನ್ನು ತೋರಿಸುತ್ತದೆ. ತಂತ್ರ ನಿಜಕ್ಕೂ ಸೊಗಸಾದದ್ದು. ಆದರೆ ನೀರಿನ ಉಷ್ಣತೆ 1 ಡಿಗ್ರಿ ಬದಲಾದರೂ ಈ ಸೂಚ್ಯಂಕ ಹತ್ತು ಸಾವಿರದಲ್ಲಿ ಒಂದರಷ್ಟು ಬದಲಾಗುತ್ತದೆ. ಚಿಪ್‌ನ ಲೆಕ್ಕದಲ್ಲಿ ಅದು ಪ್ರತಿ ಚದರ ಮಿಲಿಮೀಟರಿಗೆ 100 ಪಿಕೋಗ್ರಾಂ (ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಭಾಗ ಒಂದು ಪಿಕೋಗ್ರಾಂ) ಪ್ರೋಟೀನ್ ಅಂಟಿದ್ದಕ್ಕೆ ಸಮ. ಫ್ಯಾನ್ ಗಾಳಿಯೇ ವೈರಸ್ಸಿನಂತೆ ಕಾಣಬಹುದು! ಆದ್ದರಿಂದ ಉಷ್ಣತಾ ನಿಯಂತ್ರಣ ಬೇಕು, ಪಕ್ಕದಲ್ಲೇ ವೈರಸ್‌ಗೆ ಸಂಬಂಧವಿಲ್ಲದ ಪ್ರತಿಕಾಯ ಹಚ್ಚಿದ ಹೋಲಿಕೆಯ ಕಾಲುವೆಯೂ (ಚಿಪ್‌ನಲ್ಲಿ ಮಾದರಿ ಹರಿಯುವ ಇನ್ನೊಂದು ಕಿರುದಾರಿ) ಬೇಕು. ಇವೆರಡೂ ಇಲ್ಲದ ಯಂತ್ರವನ್ನು ಕೊಳ್ಳಬೇಡಿ.

ಸೀರಮ್‌ನ ಪ್ರತಿ ಮಿಲಿಲೀಟರಿನಲ್ಲಿ 60ರಿಂದ 80 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ನಾವು ಹುಡುಕುವುದು ಎಷ್ಟೋ ಸಲ ನ್ಯಾನೋಗ್ರಾಂ, ಅಂದರೆ ಮಿಲಿಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕದ್ದು. ಶುದ್ಧ ಬಫರ್‌ನಲ್ಲಿ ಅಳೆದ ಸೂಕ್ಷ್ಮತೆಯ ಅಂಕಿ ಈ ಪ್ರೋಟೀನ್ ಸಂತೆಯಲ್ಲಿ ನಿಲ್ಲುವುದು ಅಪರೂಪ.

ಮಂಗನ ಕಾಯಿಲೆಯ ವಿಚಾರದಲ್ಲಿ ಇನ್ನೊಂದು ತೊಡಕಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ವೈರಸ್, ಡಿಸೆಂಬರ್‌ನಿಂದ ಮೇವರೆಗೆ ಉಣುಗುಗಳಿಂದ ಹರಡುತ್ತದೆ. ಜೀವಂತ ವೈರಸ್ಸನ್ನು ಬೆಳೆಸಿ ಪರೀಕ್ಷಿಸಲು ಕನಿಷ್ಠ ಬಿಎಸ್‌ಎಲ್-3, ಅಂದರೆ ಉನ್ನತ ಜೈವಿಕ ಸುರಕ್ಷತೆಯ, ಪ್ರಯೋಗಾಲಯ ಬೇಕು. ತೀರ್ಥಹಳ್ಳಿ, ಸಾಗರದ ಕಡೆಯ ಪಿಎಚ್‌ಸಿಯಲ್ಲಿ ಸೆನ್ಸರ್ ಇಡುವುದಾದರೆ ರಕ್ತದ ಮಾದರಿಯನ್ನು ಮೊದಲು ಡಿಟರ್ಜೆಂಟ್ ಇರುವ ದ್ರಾವಣದಲ್ಲಿ ನಿಷ್ಕ್ರಿಯಗೊಳಿಸಬೇಕು. ಆಗ ವೈರಸ್ಸಿನ ಕೊಬ್ಬಿನ ಹೊದಿಕೆ ಒಡೆಯುತ್ತದೆ. ಇಡೀ ವೈರಸ್ ಕಣವನ್ನೇ ಹಿಡಿಯಲು ಮಾಡಿದ ಸೆನ್ಸರ್‌ಗೆ ಆಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ. ಡಿಟರ್ಜೆಂಟ್ ಚಿಪ್‌ನ ರಕ್ಷಣಾ ಪದರವನ್ನೂ ತೊಳೆದುಹಾಕಬಹುದು. ನಿಷ್ಕ್ರಿಯಗೊಳಿಸಿದ ಮಾದರಿಯಲ್ಲೇ ಪರೀಕ್ಷಿಸಿ ತೋರಿಸಬೇಕೆಂದು ಟೆಂಡರ್‌ನಲ್ಲಿ ಸ್ಪಷ್ಟವಾಗಿ ಬರೆಯಿಸಿ. ಲೆಕ್ಕವೂ ನೋಡಿ: 1,000 ಜ್ವರದವರಲ್ಲಿ 10 ಮಂದಿಗೆ ಮಂಗನ ಕಾಯಿಲೆ ಇದ್ದು, ಇಲ್ಲದವರನ್ನು ಸೆನ್ಸರ್ ಶೇ 98ರಷ್ಟು ಸರಿಯಾಗಿ ಬಿಟ್ಟರೂ ಸುಮಾರು 20 ಸುಳ್ಳು ಪಾಸಿಟಿವ್ ಬರುತ್ತವೆ. ಹಾಗಾಗಿ ಆರ್‌ಟಿ-ಪಿಸಿಆರ್ ದೃಢೀಕರಣ ಕೈಬಿಡುವಂತಿಲ್ಲ. ಸೆನ್ಸರ್ ನೆಗೆಟಿವ್ ಬಂದರೂ, ಕಾಡಿಗೆ ಹೋಗಿಬಂದವರ ಮಾದರಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಗಲೇಬೇಕು.

ಪರೀಕ್ಷೆ ಹೇಗೆ ನಡೆಯಬೇಕೆಂದರೆ: ಆರ್‌ಟಿ-ಪಿಸಿಆರ್ ಅಥವಾ ಎಲೈಸಾದಲ್ಲಿ ಖಚಿತವಾದ ಮಾದರಿಗಳನ್ನು ಜ್ವರದ 1–3, 4–5, 6ನೇ ದಿನದಿಂದ ಮುಂದಕ್ಕೆ ಎಂದು ವಿಂಗಡಿಸಿ, ಹೆಸರಿಲ್ಲದ ಸಂಕೇತ ಸಂಖ್ಯೆ ಹಚ್ಚಿ ಕೊಡಬೇಕು. ನೆಗೆಟಿವ್ ಗುಂಪಿನಲ್ಲಿ ಆರೋಗ್ಯವಂತರ ರಕ್ತ ಮಾತ್ರ ಇದ್ದರೆ ಪ್ರಯೋಜನವಿಲ್ಲ. ಚಿಕುನ್‌ಗುನ್ಯಾ, ಇಲಿಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾ ರೋಗಿಗಳದ್ದು ಇರಬೇಕು. ಸಂಖ್ಯೆಯೂ ಮುಖ್ಯ. 10ಕ್ಕೆ 10 ಹಿಡಿದ ಸೆನ್ಸರ್‌ನ ನಿಜವಾದ ಸಾಮರ್ಥ್ಯ ಶೇ 69ರಷ್ಟೇ ಇರುವ ಸಾಧ್ಯತೆಯನ್ನೂ ಸಂಖ್ಯಾಶಾಸ್ತ್ರ ತಳ್ಳಿಹಾಕುವುದಿಲ್ಲ. 50ಕ್ಕೆ 50 ಹಿಡಿದರೆ ಆ ಕೆಳಮಿತಿ ಶೇ 93ಕ್ಕೆ ಏರುತ್ತದೆ. ಪ್ರತಿ ದಿನದ ಗುಂಪಿಗೂ ಕನಿಷ್ಠ 50 ಮಾದರಿ ಇರಲಿ. ಯಂತ್ರ ನಡೆಸುವವರು ಕಂಪನಿಯ ಎಂಜಿನಿಯರ್ ಆಗಬಾರದು, ತಾಲ್ಲೂಕು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಆಗಬೇಕು, ಎಸಿ ಇಲ್ಲದ ಕೋಣೆಯಲ್ಲಿ.

ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಲ್ಲಿ ಶುರುವಾಗುತ್ತದೆ. ಪರೀಕ್ಷೆಗೆ ಬೇಕಾದ ಮಾದರಿಗಳ ಪೆಟ್ಟಿಗೆ ಅಷ್ಟರೊಳಗೆ ಸಿದ್ಧವಾಗುವಂತೆ ಆದೇಶಿಸಿ. ‘ಜ್ವರ ಶುರುವಾದ ದಿನಾಂಕ’ದ ಕಾಲಂ ಖಾಲಿ ಇರುವ ಫಾರ್ಮನ್ನು ಯಾವ ಲ್ಯಾಬೂ ಸ್ವೀಕರಿಸಬಾರದೆಂಬ ಸುತ್ತೋಲೆಯನ್ನು ಇದೇ ವಾರ ಹೊರಡಿಸಿ.

ವಂದನೆಗಳೊಂದಿಗೆ,
ವೈರಸ್ ರೋಗಪತ್ತೆ ಕ್ಷೇತ್ರದಲ್ಲಿ ಕೆಲಸ ಮಾಡುವ ಗೆಳೆಯರು