ಮರಿ ಮೀನು ಕೊಳ್ಳುವವರನ್ನೂ ಕೇಳಿ

ಸಂಪಾದಕರೇ,

ಮರಿ ಮೀನು ಹಿಡಿಯುವ ಬೋಟುಗಳಿಗೆ ದಂಡ ಹಾಕಿ ಅಂತ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹಾಕಲಿ, ತಕರಾರಿಲ್ಲ. ಆದರೆ ಆ ಮರಿಗಳನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು? ಸಕಲೇಶಪುರದಲ್ಲಿ ಕೂತವನಿಗೆ ಸಮುದ್ರದ ಚಿಂತೆ ಯಾಕೆ ಅನ್ನಬೇಡಿ. ಶಿರಾಡಿ ಘಾಟಿ ಹತ್ತಿ ಬರುವುದು ಬಂಗುಡೆ, ಬೂತಾಯಿ ಮಾತ್ರ ಅಲ್ಲ. ತೋಟಕ್ಕೆ ಹಾಕುವ ಮೀನಿನ ಗೊಬ್ಬರ, ಕೋಳಿ ಫೀಡಿಗೆ ಸೇರುವ ಮೀನಿನ ಪುಡಿ, ಇವೂ ಕಡಲಿನಿಂದಲೇ ಬರುತ್ತವೆ.

ಟ್ರಾಲ್ ಬಲೆ ಸಮುದ್ರದ ತಳವನ್ನೇ ಗುಡಿಸಿಕೊಂಡು ಹೋಗುತ್ತದೆ. ಸಿಗಡಿ, ಬೊಂಡಾಸ್ (ಸ್ಕ್ವಿಡ್) ಬೇಕು ಅಂತ ಹಾಕಿದರೂ ಜೊತೆಗೆ ಬೆರಳುದ್ದದ ಮದ್ಮಲ್ ಮೀನು, ಸಣ್ಣ ಏಡಿ, ಯಾರೂ ತಿನ್ನದ ಏನೇನೋ ಬರುತ್ತದೆ. ವಾರಗಟ್ಟಲೆ ಕಡಲಲ್ಲೇ ಇರುವ ಬೋಟಿನಲ್ಲಿ ಐಸಿಗೆ ಜಾಗ ಕಮ್ಮಿ, ಹಾಗಾಗಿ ಮೊದಲ ದಿನಗಳ ಕಸ ಮೀನನ್ನು ಸತ್ತ ಮೇಲೆ ನೀರಿಗೇ ಎಸೆಯುತ್ತಾರೆ, ಕೊನೆಯ ದಿನಗಳದ್ದನ್ನು ದಕ್ಕೆಗೆ ತರುತ್ತಾರೆ. ಅದನ್ನು ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಗಳು ಕೊಳ್ಳುತ್ತವೆ. ರೇಟು ತೀರಾ ಕಮ್ಮಿ. ಆದರೂ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ಲಿಗೇ ಹೋಗುವಾಗ ಆ ಚಿಲ್ಲರೆಯನ್ನೂ ಬಿಡುವವರು ಯಾರು?

ಕಾಫಿ ಹಣ್ಣಾಗುವ ಮೊದಲೇ ಕುಯ್ದು ಮಾರಿದ ಹಾಗಾಯಿತು ಇದು. ಒಂದೇ ವ್ಯತ್ಯಾಸ, ತೋಟದಲ್ಲಿ ನಾನು ಬಿಟ್ಟ ಕಾಯಿ ನನಗೇ ಉಳಿಯುತ್ತದೆ, ಕಡಲಲ್ಲಿ ಬಿಟ್ಟ ಮರಿ ಪಕ್ಕದ ಬೋಟಿಗೆ ಸಿಗುತ್ತದೆ. ಕೊಚ್ಚಿಯ ಸಿಐಎಫ್‌ಟಿ, ಅಂದರೆ ಕೇಂದ್ರದ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ, ಬಲೆಯ ತುದಿಯಲ್ಲಿ ಮೀನು ಸೇರುವ ಚೀಲವನ್ನು ಚೌಕ ಕಣ್ಣಿನದ್ದಾಗಿ ಯಾವತ್ತೋ ಮಾಡಿಕೊಟ್ಟಿದೆ. ಈಗಿನ ಬಲೆಯ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುತ್ತದೆ, ಮರಿಗಳು ನುಸುಳಿ ಹೋಗುತ್ತವೆ. ಆದರೆ ಒಬ್ಬನೇ ಹಾಕಿಕೊಂಡರೆ ನಷ್ಟ ಅವನಿಗೆ ಇವತ್ತೇ, ಲಾಭ ಮುಂದೆ ಯಾವತ್ತೋ, ಅದೂ ಎಲ್ಲರಿಗೂ ಹಂಚಿ. ಸುಮ್ನೆ ಉಪದೇಶ ಮಾಡಿದರೆ ಯಾರು ಕೇಳುತ್ತಾರೆ?

ಜೂನ್, ಜುಲೈ ನಿಷೇಧ ಇದೆಯಲ್ಲ ಅನ್ನುತ್ತೀರಿ. ಒಳ್ಳೆಯದೇ. ಆದರೆ ಆಗಸ್ಟಿನಲ್ಲಿ ಬಲೆ ಇಳಿದಾಗ ಆ ಮಳೆಗಾಲದ ಮರಿಗಳೂ ರಾಶಿ ರಾಶಿ ಸಿಗುತ್ತವೆ. ಕೇರಳ 2015ರಲ್ಲಿ 14 ಜಾತಿಗೆ, 2017ರಲ್ಲಿ ಒಟ್ಟು 58 ಜಾತಿಗೆ ಹಿಡಿಯಬಹುದಾದ ಕನಿಷ್ಠ ಅಳತೆ ಗೊತ್ತುಮಾಡಿತು. ಅಲ್ಲಿ ಬಂಗುಡೆ 14 ಸೆಂ.ಮೀ., ಬೂತಾಯಿ 10 ಸೆಂ.ಮೀ. ಇರಲೇಬೇಕು.

ನನಗೆ ಜಾಸ್ತಿ ಹಿಡಿಸಿದ್ದು ನಾರ್ವೆಯ ಲೆಕ್ಕ. 1987ರಲ್ಲಿ ಅವರು ಕಾಡ್, ಹ್ಯಾಡಕ್ ಮೀನನ್ನು ಕಡಲಿಗೆ ಎಸೆಯುವುದನ್ನೇ ನಿಷೇಧಿಸಿದರು. ನಿಯಮ ಮೀರಿ ಬಲೆಗೆ ಬಿದ್ದದ್ದನ್ನೂ ದಡಕ್ಕೆ ತರಬೇಕು, ಅದರ ದುಡ್ಡು ಮೀನು ಮಾರಾಟ ಸಂಘಕ್ಕೆ, ಬೋಟಿನವನಿಗೆ ತಂದ ಕೂಲಿ ಅಂತ ಸುಮಾರು ಶೇ 20 ಮಾತ್ರ. ಬೇಕಂತಲೇ ಹಿಡಿಯುವಷ್ಟು ಲಾಭವೂ ಇಲ್ಲ, ಎಸೆದು ಬರುವಷ್ಟು ನಷ್ಟವೂ ಇಲ್ಲ. ಅಲ್ಲಿ ಮೀನಿನ ಜಾತಿ ಕಮ್ಮಿ, ನಮ್ಮಲ್ಲಿ ಒಂದೇ ಎಳೆತಕ್ಕೆ ಹತ್ತಾರು ಜಾತಿ ಬೀಳುತ್ತವೆ, ಹಾಗಾಗಿ ಅದನ್ನೇ ತಂದು ಇಲ್ಲಿ ಅಂಟಿಸಲು ಆಗುವುದಿಲ್ಲ. ಲೆಕ್ಕದ ದಾರಿಯನ್ನಾದರೂ ಕಲಿಯಬಹುದು ಅಲ್ವಾ?

ನಮ್ಮ ಕರಾವಳಿಯಲ್ಲಿ ಬೋಟುಗಳು ಸಾವಿರಾರು, ಕಡಲಲ್ಲಿ ಅವನ್ನು ಹಿಂಬಾಲಿಸುವುದು ಆಗದ ಮಾತು. ಫ್ಯಾಕ್ಟರಿಗಳು ಅದರ ಮುಂದೆ ತೀರಾ ಕಮ್ಮಿ. ಕನಿಷ್ಠ ಅಳತೆಯ ತಪಾಸಣೆ ಅವುಗಳ ಗೇಟಿನಲ್ಲೇ ನಡೆಯಲಿ, ಮರಿ ಬಂಗುಡೆ, ಮರಿ ಬೂತಾಯಿ ಕೊಂಡವರಿಗೇ ದಂಡ ಬೀಳಲಿ. ತಲೆ, ಕರುಳು, ಮೀನು ಕತ್ತರಿಸಿ ಉಳಿದ ಚೂರು ಎಷ್ಟು ಬೇಕಾದರೂ ಅರೆಯಲಿ. ಬೋಟಿನವರಿಗೆ ಡೀಸೆಲ್ ಮೇಲೆ ತೆರಿಗೆ ವಿನಾಯಿತಿ ಸಿಗುತ್ತಿದೆ, ಅದನ್ನು ಚೌಕ ಕಣ್ಣಿನ ಚೀಲ ಹಾಕಿದವರಿಗೆ ಮಾತ್ರ ಕೊಡಲಿ. ಆಗ ಎಲ್ಲರೂ ಒಟ್ಟಿಗೇ ಹಾಕುತ್ತಾರೆ, ಮೊದಲು ಹಾಕಿದವನು ಮೂರ್ಖನಾಗುವುದಿಲ್ಲ. ಹೀಗಾದರೆ ಫೀಡಿಗೂ ಗೊಬ್ಬರಕ್ಕೂ ರೇಟು ಏರುತ್ತದೆ, ನನಗೂ ಕಷ್ಟವೇ. ಏರಲಿ, ಇಷ್ಟು ವರ್ಷ ಅಗ್ಗಕ್ಕೆ ಸಿಕ್ಕಿದ್ದೇ ಮೀನುಗಾರರ ನಾಳಿನ ಬುಟ್ಟಿಯಿಂದ ತೆಗೆದದ್ದು.

ಇಂತಿ,
ಒಬ್ಬ ಓದುಗ, ಸಕಲೇಶಪುರ