ಹೊಸ ಮನೆಯ ಕರೆಂಟ್ ಅರ್ಜಿಯಲ್ಲಿ ಒಂದು ಸಣ್ಣ ಚೌಕ: ಇಂಧನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರೇ,

ನಮಸ್ಕಾರ. ಮಂಗಳೂರಿನ ಕುಲಶೇಖರದಿಂದ ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷ ಕಂಕನಾಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. 2025ರ ಮೇ ತಿಂಗಳಲ್ಲಿ, ಮಳೆ ಹಿಡಿಯುವುದರೊಳಗೆ, ಸ್ವಂತ ಮನೆಯ ಒಕ್ಕಲು ಮುಗಿಸಿದೆವು. ಮನೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಜಗಲಿ, ಹಿಂದೆ ಬಾವಿ.

ಮೊದಲ ಬಿಲ್ ಬಂದ ದಿನ ಜಗಲಿಯಲ್ಲಿ ಕೂತು ಓದಿದೆ. ಆ ಚೀಟಿ ನಿಮಗೆ ಗೊತ್ತಲ್ವಾ, ನಾಲ್ಕು ದಿನ ಬಿಸಿಲಿಗೆ ಇಟ್ಟರೆ ಅಕ್ಷರವೇ ಮಾಸಿಹೋಗುವಂಥದ್ದು. ನಾವು ಉರಿಸಿದ್ದು 110 ಯೂನಿಟ್. ಯೂನಿಟ್‌ಗೆ 5 ರೂಪಾಯಿ 80 ಪೈಸೆಯಂತೆ 638 ರೂಪಾಯಿ. ಇನ್ನೊಂದು ಸಾಲಿನಲ್ಲಿ ನಿಗದಿತ ಶುಲ್ಕ ಅಂತ 725 ರೂಪಾಯಿ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದೆ. ಉರಿಸಿದ ಕರೆಂಟಿಗಿಂತ ಈ ಶುಲ್ಕವೇ ಜಾಸ್ತಿ.

725 ಎಲ್ಲಿಂದ ಬಂತು ಅಂತ ಹುಡುಕಿದೆ. 2025-26ರ ದರದ ಪ್ರಕಾರ ಮನೆಗಳಿಗೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಲೋಡ್ ಅಂದರೆ ಮನೆ ಒಟ್ಟಿಗೆ ಇಷ್ಟು ಕರೆಂಟ್ ಎಳೆಯಬಹುದು ಅಂತ ಒಪ್ಪಿಗೆಯಾದ ಮಿತಿ. ನಮ್ಮ ಮನೆಯ ಲೋಡ್ 5 ಕಿಲೋವ್ಯಾಟ್. ಐದನ್ನು 145ರಿಂದ ಗುಣಿಸಿದರೆ ಆಯ್ತು.

ಆ 5 ಬರೆದವರು ಯಾರು? ನಾನಲ್ಲ. ನನ್ನ ಗಂಡನೂ ಅಲ್ಲ. ವಯರಿಂಗ್ ಮಾಡಿದವರು ಅರ್ಜಿ ತುಂಬಿ ತಂದಿದ್ದರು. ಲೋಡ್ ಅಂತ ಒಂದು ಸಣ್ಣ ಚೌಕ ಇತ್ತು, ಅದರಲ್ಲಿ 5 ಬರೆದಾಗಿತ್ತು. "ಹೊಸ ಮನೆ ಅಲ್ವಾ ಅಕ್ಕ, ನಾಳೆ ಎಸಿ ಹಾಕಿದರೆ ಬೇಕಾಗ್ತದೆ" ಅಂದರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆ ವಾರ ಟೈಲ್ಸ್ ಕೆಲಸ ಬಾಕಿ, ಬಾವಿಕಟ್ಟೆಯ ಕೆಲಸ ಬಾಕಿ, ಭಟ್ಟರು ಮುಹೂರ್ತ ಕೊಟ್ಟಾಗಿತ್ತು. ಮನೆ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕದ ದರ ಮನೆ ಬಳಕೆಯ ದರಕ್ಕಿಂತ ಜಾಸ್ತಿ, ಅದರಿಂದ ಬೇಗ ಹೊರಗೆ ಬಂದರೆ ಸಾಕಾಗಿತ್ತು. ಸಹಿ ಹಾಕಿಬಿಟ್ಟೆ. ಆ ಚೌಕದಲ್ಲಿ ಬರೆದ ಅಂಕಿಗೆ ತಿಂಗಳು ತಿಂಗಳೂ ದುಡ್ಡು ಕಟ್ಟಬೇಕು ಅಂತ ಅರ್ಜಿಯಲ್ಲಿ ಎಲ್ಲಿಯೂ ಇರಲಿಲ್ಲ, ಬಾಯಿಮಾತಿನಲ್ಲಿ ಹೇಳಿದವರೂ ಇಲ್ಲ.

ನನ್ನ ತಂಗಿ ಮುಂಬೈಯಲ್ಲಿದ್ದಾಳೆ. ಅವಳಿರುವ ಕಡೆ ಅದಾನಿಯ ಕರೆಂಟ್ ಬೇಕೋ ಟಾಟಾದ್ದು ಬೇಕೋ ಅಂತ ಮನೆಯವರೇ ಆರಿಸಬಹುದು. ದರಪಟ್ಟಿ ಎದುರಿಗಿಟ್ಟು ಫೋನಿನಲ್ಲಿ ನನ್ನ ಹತ್ತಿರ ಅರ್ಧ ಗಂಟೆ ಚರ್ಚೆ ಮಾಡಿದ್ದಳು. ನಮಗಿಲ್ಲಿ ಅದಿಲ್ಲ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರು, ನಾಲ್ಕೂ ಜಿಲ್ಲೆಗೆ 2002ರಿಂದ ಮೆಸ್ಕಾಂ ಒಂದೇ. ನನ್ನ ಅಮ್ಮ ಈಗಲೂ ಕೆಇಬಿ ಅಂತಲೇ ಹೇಳುವುದು. ಅದರ ಬಗ್ಗೆ ನನ್ನ ತಕರಾರಿಲ್ಲ. ಜೂನ್ ತಿಂಗಳ ಗಾಳಿಮಳೆಗೆ ತೆಂಗಿನ ಮರ ತಂತಿ ಮೇಲೆ ಬಿದ್ದಾಗ ರಾತ್ರಿ ಹನ್ನೊಂದಕ್ಕೆ ರೈನ್‌ಕೋಟ್ ಹಾಕಿಕೊಂಡು ಕಂಬ ಹತ್ತುವ ಲೈನ್‌ಮ್ಯಾನ್‌ಗಳನ್ನು ನೋಡಿದ್ದೇನೆ. ಆದರೆ ಹೊಸ ಮನೆಗೆ ಬರುವವರ ಕೈಯಲ್ಲಿ ನಿಜವಾಗಿ ಇರುವ ಆಯ್ಕೆ ಅಂದರೆ ಆ ಲೋಡಿನ ಅಂಕಿ ಒಂದೇ. ಅದನ್ನೂ ಬೇರೆ ಯಾರೋ ತುಂಬುತ್ತಾರೆ ಅಂದರೆ ಹೇಗೆ?

ಆಮೇಲೆ ನಾನೇ ಲೆಕ್ಕ ಹಾಕಿದೆ. ಮದುವೆ ಕಾಗದದ ಹಿಂದೆ ಒಂದೊಂದೇ ಬರೆದೆ. ಎಲ್‌ಇಡಿ ಬಲ್ಬು 9 ವ್ಯಾಟ್‌ನದ್ದು ಹನ್ನೆರಡು. ಫ್ಯಾನ್ ಐದು, ಒಂದೊಂದು 75 ವ್ಯಾಟ್. ಮಿಕ್ಸಿ 750. ಇಸ್ತ್ರಿಪೆಟ್ಟಿಗೆ 1000. ಗೀಸರ್ 2000. ಬಾವಿಯ ಪಂಪ್ ಒಂದು ಎಚ್‌ಪಿ, ಅಂದರೆ 746 ವ್ಯಾಟ್. ಫ್ರಿಜ್, ವಾಷಿಂಗ್ ಮಶೀನ್, ಗ್ರೈಂಡರ್. ಕೂಡಿಸಿದರೆ 5 ಕಿಲೋವ್ಯಾಟ್ ದಾಟಿಹೋಯಿತು. ವಯರಿಂಗಿನವರ ಲೆಕ್ಕ ಎಲ್ಲಿಂದ ಬಂತು ಅಂತ ಆಗ ಅರ್ಥ ಆಯ್ತು. ಆದರೆ ಎಲ್ಲವನ್ನೂ ಒಟ್ಟಿಗೆ ಯಾರು ಹಾಕುತ್ತಾರೆ? ಬೆಳಿಗ್ಗೆ ಗೀಸರ್ ಹಾಕಿದಾಗ ಪಂಪ್ ಹಾಕುವುದಿಲ್ಲ. ಟ್ಯಾಂಕಿಗೆ ನೀರು ತುಂಬಿಸುವುದು ಮಧ್ಯಾಹ್ನ. ಇಸ್ತ್ರಿ ರಾತ್ರಿ. ನೀರುದೋಸೆಗೆ ಅಕ್ಕಿ ಅರೆಯುವುದು ಹತ್ತು ನಿಮಿಷದ ಕೆಲಸ.

ಮೀಟರ್ ನೋಡಲು ಬಂದವರನ್ನು ಕೇಳಿದೆ. ಪಾಪ, ಇನ್ನೂ ಎಷ್ಟೋ ಮನೆಗೆ ಹೋಗಬೇಕಿತ್ತು, ಆದರೂ ನಿಂತು ತೋರಿಸಿಕೊಟ್ಟರು. ಮೀಟರಿನ ಗುಂಡಿ ಒತ್ತುತ್ತಾ ಹೋದರೆ ಅಂಕಿಗಳು ಒಂದೊಂದಾಗಿ ಬರುತ್ತವೆ. ಅದರಲ್ಲಿ ಎಂಡಿ ಅಂತ ಒಂದಿದೆ. ಆ ತಿಂಗಳಲ್ಲಿ ಮನೆ ಒಟ್ಟಿಗೆ ಎಳೆದ ಅತಿ ಜಾಸ್ತಿ ಲೋಡ್ ಅದು. ಕ್ಷಣದ ಲೆಕ್ಕ ಅಲ್ಲ, ಕೆಲವು ನಿಮಿಷಗಳ ಸರಾಸರಿ. ಹಾಗಾಗಿ ಮಿಕ್ಸಿ ಒಮ್ಮೆ ತಿರುಗಿದ್ದು ಅದರಲ್ಲಿ ಅಷ್ಟು ಕಾಣುವುದಿಲ್ಲ. ನಮ್ಮ ಮನೆಯದ್ದು ಮೂರು ತಿಂಗಳಲ್ಲಿ ಒಮ್ಮೆಯೂ 2.7 ದಾಟಲಿಲ್ಲ. ನಮಗೆ 3 ಕಿಲೋವ್ಯಾಟ್ ಧಾರಾಳ ಸಾಕಿತ್ತು. 725ರ ಬದಲು 435 ರೂಪಾಯಿ. ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಸುಮ್ನೆ ಹೋಗುತ್ತಿದೆ.

ಇದು ಹಳೆಯ ಕಾಲದಲ್ಲಿ ಇಷ್ಟು ದೊಡ್ಡ ವಿಷಯ ಆಗಿರಲಿಲ್ಲ. 2024-25ರಲ್ಲಿ ಕಿಲೋವ್ಯಾಟ್‌ಗೆ 120 ರೂಪಾಯಿ ಇತ್ತು, ಯೂನಿಟ್‌ಗೆ 5.90. 2025ರ ಮಾರ್ಚ್‌ನಲ್ಲಿ ಬಂದ ಆದೇಶದಲ್ಲಿ ಯೂನಿಟ್ ದರ 10 ಪೈಸೆ ಇಳಿಯಿತು, ಕಿಲೋವ್ಯಾಟಿನದ್ದು 25 ರೂಪಾಯಿ ಏರಿತು. ಪತ್ರಿಕೆಯಲ್ಲಿ ದರ ಇಳಿಕೆ ಅಂತ ಓದಿ ಖುಷಿಪಟ್ಟಿದ್ದೆ. ನಮ್ಮ ಮನೆಯ ಲೆಕ್ಕಕ್ಕೆ 110 ಯೂನಿಟ್‌ನಲ್ಲಿ ಉಳಿದದ್ದು 11 ರೂಪಾಯಿ, ಲೋಡಿನಲ್ಲಿ ಏರಿದ್ದು 125. ಇದರ ಮೇಲೆ 2025-26ರಲ್ಲಿ ವಿದ್ಯುತ್ ನೌಕರರ ಪಿಂಚಣಿಗೆ ಅಂತ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಬೇರೆ, ಶೇಕಡಾ 9 ತೆರಿಗೆ ಬೇರೆ. ಹಿತಮಿತವಾಗಿ ಕರೆಂಟ್ ಉರಿಸುವ ಮನೆಗೇ ಲೋಡಿನ ಅಂಕಿ ಹೆಚ್ಚು ಭಾರ. ದರ ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ನೀವಲ್ಲ, ಅದು ಗೊತ್ತಿದೆ. ನಾನು ದರ ಇಳಿಸಿ ಅಂತ ಕೇಳುತ್ತಿಲ್ಲ.

ಗೃಹಜ್ಯೋತಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಮತ್ತು ಬಾಡಿಗೆ ಮನೆಯಲ್ಲಿದ್ದಾಗ ನಮಗೆ ಶೂನ್ಯ ಬಿಲ್ ಬರುತ್ತಿತ್ತು. ಅದಕ್ಕೆ ನಿಮ್ಮ ಸರ್ಕಾರಕ್ಕೆ ಮನಸ್ಸಿನಿಂದ ಧನ್ಯವಾದ ಹೇಳುತ್ತೇನೆ. ಆದರೆ ಎಷ್ಟು ಯೂನಿಟ್ ಉಚಿತ ಅಂತ ಲೆಕ್ಕ ಹಾಕುವುದು ಹಿಂದಿನ ಬಳಕೆಯ ಸರಾಸರಿ ನೋಡಿ, ಮನೆ ಬದಲಿಸಿದಾಗ ಆ ಸರಾಸರಿ ನಮ್ಮ ಜೊತೆ ಬರುವುದಿಲ್ಲ. ಅದು ಆ ಮೀಟರಿನದ್ದು. ಹೊಸ ಮನೆಗೆ ಹಳೆಯ ಲೆಕ್ಕವೇ ಇಲ್ಲ. ಹಾಗಾಗಿ 2023ರಲ್ಲಿ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಅದರ ಮೇಲೆ ಶೇಕಡಾ 10 ಸೇರಿಸಿ 58 ಯೂನಿಟ್ ಅಂತ ಮಾಡಿದರು. ಬಾವಿಯ ಪಂಪ್ ಇರುವ, ಬೇಸಿಗೆಯಲ್ಲಿ ರಾತ್ರಿಯಿಡೀ ಫ್ಯಾನ್ ತಿರುಗಲೇಬೇಕಾದ ಕರಾವಳಿಯ ಮನೆಗೆ 58 ಯೂನಿಟ್ ಎಲ್ಲಿಗೆ ಸಾಲುತ್ತದೆ? ಇನ್ನೊಂದು ಮಾತು. ಶೂನ್ಯ ಬಿಲ್ ಬರುವ ಮನೆಯಲ್ಲಿ ನಿಗದಿತ ಶುಲ್ಕ ಮಾಯವಾಗುವುದಿಲ್ಲ. ಅದನ್ನು ಸರ್ಕಾರ ತುಂಬುತ್ತದೆ. ಸುಮ್ನೆ ಬರೆದ ಲೋಡಿಗೆ ಸರ್ಕಾರದ ದುಡ್ಡೂ ಹೋಗುತ್ತದೆ ಅಂತಾಯ್ತು.

ನಮ್ಮ ಹಳೆಯ ಮನೆಗೆ ಈಗ ಬಂದಿರುವುದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ, ಜೊತೆಗೆ ಅವಳ ತಮ್ಮ. ಆರ್‌ಆರ್ ನಂಬರ್, ಅಂದರೆ ಕರೆಂಟ್ ಸಂಪರ್ಕದ ಸಂಖ್ಯೆ, ಮಾಲೀಕರ ಹೆಸರಿನಲ್ಲಿ, ಗೃಹಜ್ಯೋತಿಗಾಗಿ ಅದಕ್ಕೆ ಸೇರಿಸಿದ್ದು ನನ್ನ ಆಧಾರ್. ನಾನು ನನ್ನದನ್ನು ಬಿಡಿಸದೆ ಅವಳದ್ದು ಸೇರುವುದಿಲ್ಲ. ಬಿಡಿಸುವ ದಾರಿ 2024ರಿಂದ ಇದೆ, ನನಗೆ ಗೊತ್ತಾದದ್ದು ಅವಳು ಫೋನ್ ಮಾಡಿದ ಮೇಲೆ. ಅಷ್ಟರಲ್ಲಿ ಅವಳು ಎರಡು ಬಿಲ್ ಪೂರ್ತಿ ಕಟ್ಟಿದ್ದಳು. ನನಗೆ ಬಹಳ ಬೇಸರ ಆಯ್ತು.

ನಾನು ಕೇಳುವುದು ಇಷ್ಟೇ. ಹೊಸ ಸಂಪರ್ಕದ ಅರ್ಜಿಯ ಮೇಲೆ ಒಂದು ಹಾಳೆ ಕಡ್ಡಾಯ ಮಾಡಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. 1 ಕಿಲೋವ್ಯಾಟ್‌ಗೆ ತಿಂಗಳಿಗೆ ಇಷ್ಟು, 3ಕ್ಕೆ ಇಷ್ಟು, 5ಕ್ಕೆ ಇಷ್ಟು. ಫ್ಯಾನು, ಪಂಪು, ಗೀಸರ್ ಎಷ್ಟೆಷ್ಟು ವ್ಯಾಟ್, ಒಟ್ಟಿಗೆ ಯಾವುದು ನಡೆಯುತ್ತದೆ ಅಂತ ಮನೆಯವರೇ ಬರೆಯುವ ಜಾಗ. ಲೋಡಿನ ಅಂಕಿಯನ್ನು ಮನೆಯವರ ಕೈಯಲ್ಲೇ ಬರೆಸಿ, ಅದರ ಪಕ್ಕದಲ್ಲೇ ಸಹಿ ಹಾಕಿಸಿ. ಮುಂದೆ ಸೋಲಾರ್ ಹಾಕುವ ಯೋಚನೆ ಇದ್ದರೆ ಲೋಡ್ ಬೇರೆ ಥರ ನೋಡಬೇಕು ಅಂತಲೂ ಅದರಲ್ಲಿರಲಿ. 3 ಕಿಲೋವ್ಯಾಟ್ ಸೋಲಾರಿಗೆ ಕೇಂದ್ರ 78,000 ರೂಪಾಯಿ ಸಹಾಯಧನ ಕೊಡುತ್ತಿದೆ. ಅದನ್ನು ನೋಡಿ ಹಾಕಿಸಿಕೊಳ್ಳುವವರು ನಮ್ಮಲ್ಲೂ ಇದ್ದಾರೆ.

ಇನ್ನೊಂದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಕೇಂದ್ರದ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2023ರಲ್ಲಿ ತಿದ್ದುಪಡಿ ಆಗಿದೆ. ಸ್ಮಾರ್ಟ್ ಮೀಟರ್ ಇರುವ ಮನೆ ವರ್ಷದಲ್ಲಿ ಮೂರು ಸಲ ಲೋಡ್ ಮೀರಿದರೆ ಲೋಡ್ ಏರಿಸಬಹುದು. ಏರಿಸಲು ಮೀಟರಿನ ಅಂಕಿ ಸಾಕು ಅಂತಾದರೆ ಇಳಿಸಲೂ ಅದೇ ಅಂಕಿ ಸಾಕಾಗಬೇಕಲ್ವಾ? ಹೊಸ ಮನೆ ಒಂದು ವರ್ಷ ತುಂಬಿಸಿದಾಗ "ನಿಮ್ಮ ಎಂಡಿ 2.7, ನಿಮ್ಮ ಲೋಡ್ 5, ಇಳಿಸಬೇಕಾದರೆ ಇಲ್ಲಿ ಒತ್ತಿ" ಅಂತ ಒಂದು ಮೆಸೇಜ್ ಬರಲಿ. ಬಿಲ್ ಬಂದದ್ದಕ್ಕೆ ಮೆಸೇಜ್ ಬರುತ್ತದೆ, ಕಟ್ಟಿದ್ದಕ್ಕೂ ಬರುತ್ತದೆ. ಇದೊಂದು ಕಷ್ಟ ಆಗಲಾರದು.

ನನ್ನ ಮನೆಯ ಲೋಡ್ ಇಳಿಸುವ ಅರ್ಜಿ ಬರೆದು ಇಟ್ಟಿದ್ದೇನೆ, ಸೋಮವಾರ ಕೊಡುತ್ತೇನೆ. ನಮ್ಮ ಓಣಿಯಲ್ಲಿ ಇನ್ನೂ ಎರಡು ಮನೆ ಏಳುತ್ತಿವೆ. ಒಂದಕ್ಕೆ ಸ್ಲ್ಯಾಬ್ ಆಗಿದೆ, ಮುಂದಿನ ತಿಂಗಳು ವಯರಿಂಗಿನವರು ಬರುತ್ತಾರಂತೆ. ಅವರ ಅರ್ಜಿ ಹೋಗುವುದರೊಳಗೆ ಆ ಹಾಳೆ ಬಂದಿದ್ದರೆ ಒಳ್ಳೆಯದಿತ್ತು.

ಇತಿ,
ಕುಲಶೇಖರದ ಒಬ್ಬ ಗ್ರಾಹಕಿ