ಈ ಸಲ ಮಕ್ಕಳಿಗೆ ಒಂದು ಕೊಠಡಿ ತೋರಿಸೋಣ

ಪ್ರೀತಿಯ ಗೆಳೆಯ,

ರಜೆಗೆ ಊರಿಗೆ ಬರುತ್ತೇನೆ, ಆದರೆ ರಾಜಾಸೀಟು, ಅಬ್ಬಿ, ದುಬಾರೆ ಎಲ್ಲ ಆಗಿದೆ, ಎಲ್ಲಿ ಹೋದರೂ ವಾಹನಗಳ ಸಾಲು, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಇನ್ನೆಲ್ಲಿಗೆ ಹೋಗಲಿ ಎಂದು ನೀನು ಕೇಳಿದ್ದೆ. ನಿನಗೆ ಹೇಳಬೇಕೆಂದೇ ಒಂದು ಜಾಗ ನೆನಪಿಟ್ಟುಕೊಂಡಿದ್ದೇನೆ. ನಮ್ಮ ಕೊಡಗಿನ ಕಾಲೇಜೊಂದರ ಹಿಂಬದಿಯ ಕಟ್ಟಡದಲ್ಲಿ ಒಂದು ಪ್ರಾಕೃತಿಕ ಇತಿಹಾಸದ ಸಂಗ್ರಹಾಲಯವಿದೆ. ಉದ್ದನೆಯ ಒಂದೇ ಕೊಠಡಿ, ಗೋಡೆಗೆ ಒರಗಿದ ಗಾಜಿನ ಕಪಾಟುಗಳು, ನಡುವೆ ಹಳೆಯ ಮರದ ಮೇಜು. ಪ್ರವಾಸಿಗರ ಪಟ್ಟಿಯಲ್ಲಿ ಅದಿಲ್ಲ. ಮೊದಲೇ ಫೋನ್ ಮಾಡಿ ಕೇಳಿಕೊಂಡರೆ ಪ್ರಾಣಿಶಾಸ್ತ್ರ ವಿಭಾಗದ ಮೇಡಂ ಬೀಗ ತೆಗೆಸುತ್ತಾರೆ. ನಮ್ಮ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ ಬಂದೆ. ದೊಡ್ಡವಳಿಗೆ 7 ವರ್ಷ, ಚಿಕ್ಕವನಿಗೆ ಇನ್ನೂ 4 ತುಂಬಿಲ್ಲ. ಅಂದಿನಿಂದ ಮನೆಯಲ್ಲಿ ಅದರದೇ ಮಾತು.

ಮಕ್ಕಳಿಗೆ ಮೊದಲು ತೋರಿಸಬೇಕಾದ ಸಂಗ್ರಹಾಲಯ ಇಂಥದ್ದೇ ಎಂದು ಈಗ ನನಗೆ ಖಾತ್ರಿಯಾಗಿದೆ. ಮೈಸೂರಿನ ಕಾರಂಜಿ ಕೆರೆಯ ಪಕ್ಕದಲ್ಲಿ 1995ರಲ್ಲಿ ಆರಂಭವಾದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ ಚೆನ್ನಾಗಿದೆ, ಅಲ್ಲಿಗೂ ಹೋಗಬೇಕು. ಆದರೆ ಇಷ್ಟು ಸಣ್ಣ ಮಕ್ಕಳು ದೊಡ್ಡ ಕಟ್ಟಡದಲ್ಲಿ ಸುಸ್ತಾಗುತ್ತಾರೆ. ಒಂದೊಂದು ಕಪಾಟಿನ ಮುಂದೆಯೂ ‘ನಡೆ, ಮುಂದೆ ಇನ್ನೂ ಇದೆ’ ಎಂದು ಅವಸರಪಡಿಸುವುದೇ ನಮ್ಮ ಕೆಲಸವಾಗುತ್ತದೆ. ಇಲ್ಲಿ ಆ ಅವಸರವಿಲ್ಲ. ಮುಂದೆ ಇನ್ನೇನೂ ಇಲ್ಲದ ಕಾರಣ ಮಗು ಎಷ್ಟು ಹೊತ್ತು ಬೇಕಾದರೂ ಒಂದೇ ಜಾಡಿಯ ಎದುರು ನಿಲ್ಲಬಹುದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಇಲ್ಲಿರುವುದೆಲ್ಲ ನಮ್ಮ ಸುತ್ತಮುತ್ತಲಿನದು. ರಾತ್ರಿ ತೋಟದಲ್ಲಿ ಕೂಗಿದ್ದು, ಬೆಳಿಗ್ಗೆ ಹೆಜ್ಜೆ ಬಿಟ್ಟು ಹೋದದ್ದು, ತಲೆಯ ಮೇಲೆ ಸದ್ದು ಮಾಡುತ್ತ ಹಾರಿದ್ದು, ಇವೆಲ್ಲ ಹೇಗಿರುತ್ತವೆ ಎಂದು ಹತ್ತಿರದಿಂದ ನೋಡಲು ಸಿಗುವುದು ಅಲ್ಲಿ ಮಾತ್ರ.

ಬಾಗಿಲು ತೆರೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರುತ್ತದೆ. ಮೊದಲ ಕಪಾಟಿನಲ್ಲೇ ದೊಡ್ಡ ಮಂಗಟ್ಟೆ ಹಕ್ಕಿ, ಅದೇ ಹಾರ್ನ್‌ಬಿಲ್. ಚಿಕ್ಕವನು ಅದರ ಗಾಜಿನ ಕಣ್ಣು ನೋಡಿ ನನ್ನ ಕಾಲು ಹಿಡಿದುಕೊಂಡ. ದೊಡ್ಡವಳು ಚೀಟಿ ಓದಿದಳು: ‘ಗಂಡು’ ಎಂದಿತ್ತು. ‘ಗಂಡೆಂದು ಹೇಗೆ ಗೊತ್ತಾಯಿತು?’ ಎಂದು ಕೇಳಿದಳು. ಬದುಕಿದ್ದಾಗ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಆದರೆ ಇಲ್ಲಿರುವುದು ಗಾಜಿನ ಕಣ್ಣು, ಅದನ್ನು ನಂಬುವಂತಿಲ್ಲ. ಮೇಡಂ ಕೊಕ್ಕಿನ ಮೇಲಿನ ಹಳದಿ ಕಿರೀಟವನ್ನು ತೋರಿಸಿ, ಅದರ ಹಿಂದುಮುಂದಿನ ಅಂಚಿನಲ್ಲಿ ಕಪ್ಪಿದೆಯಲ್ಲ, ಅದು ಗಂಡಿನ ಗುರುತು ಎಂದರು. ಆಮೇಲೆ ಗೂಡಿನ ವಿಷಯ ಹೇಳಿದರು. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೋಗಿ, ತನ್ನ ಹಿಕ್ಕೆಯಿಂದಲೇ ಪೊಟರೆಯ ಬಾಯಿ ಮುಚ್ಚಿಕೊಂಡು, ಕೊಕ್ಕಿನ ತುದಿಯಷ್ಟೇ ಹೊರಗೆ ಬರುವಷ್ಟು ಸೀಳು ಬಿಟ್ಟುಕೊಂಡು ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಗಂಡು ಗಂಟಲಲ್ಲಿ ತುಂಬಿಕೊಂಡು ಬಂದ ಅತ್ತಿ, ಆಲದ ಹಣ್ಣುಗಳನ್ನು ಒಂದೊಂದಾಗಿ ಹೊರತೆಗೆದು ಆ ಸೀಳಿನಲ್ಲಿ ಕೊಡುತ್ತದೆ. ‘ಗಂಡು ಬಾರದಿದ್ದರೆ?’ ಎಂದು ಇವಳ ಪ್ರಶ್ನೆ. ಒಳಗಿರುವವರಿಗೆ ಕಷ್ಟವಾಗುತ್ತದೆ ಎಂದು ಮೇಡಂ ನೇರವಾಗಿಯೇ ಹೇಳಿದರು. ಅಂಥ ಪೊಟರೆ ಬೀಳಲು ಮರ ಎಷ್ಟು ಹಳೆಯದಾಗಿರಬೇಕು ಎಂಬ ಮಾತೂ ಬಂತು. ನಮ್ಮ ತೋಟದ ದೊಡ್ಡ ಮರಗಳಲ್ಲಿ ಪೊಟರೆ ಹುಡುಕುವುದು ಈಗ ಅವಳ ದಿನನಿತ್ಯದ ಕೆಲಸ.

ಚಿಕ್ಕವನ ಹೆದರಿಕೆ ಹೋದದ್ದು ನಡುವಿನ ಮೇಜಿನ ಹತ್ತಿರ. ಅಲ್ಲಿಟ್ಟಿರುವುದನ್ನು ಮುಟ್ಟಬಹುದು. ಜಿಂಕೆಯ ಕೊಂಬು, ಮುಳ್ಳುಹಂದಿಯ ಮುಳ್ಳು, ಹಾವಿನ ಪೊರೆ, ಒಂದು ಆನೆಯ ದವಡೆ ಹಲ್ಲು. ಆ ಹಲ್ಲನ್ನು ನೀನು ನೋಡಬೇಕು. ಅವನಿಗೆ ಎತ್ತಲಾಗಲಿಲ್ಲ, ಎರಡೂ ಕೈ ಚಾಚಿ ತಬ್ಬಿಕೊಂಡ. ಮೇಲ್ಮೈಯಲ್ಲಿ ಉದ್ದಕ್ಕೂ ಏರುತಗ್ಗಿನ ಗೆರೆಗಳು, ಬೀಸುವ ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದಂತೆ. ಬೆರಳಾಡಿಸಿದರೆ ಒಂದು ತುದಿಯಲ್ಲಿ ಗೆರೆಗಳು ಸವೆದು ನುಣ್ಣಗಾಗಿರುವುದು ಗೊತ್ತಾಗುತ್ತದೆ. ಆನೆಗೆ ನಮ್ಮ ಹಾಗೆ ಹಲ್ಲು ಕೆಳಗಿನಿಂದ ಹುಟ್ಟಿ ಮೇಲಕ್ಕೆ ಬರುವುದಿಲ್ಲ. ಹೊಸ ದವಡೆ ಹಲ್ಲು ಹಿಂದಿನಿಂದ ಮುಂದಕ್ಕೆ ಸರಿಯುತ್ತ ಬರುತ್ತದೆ, ಸವೆದದ್ದು ಮುಂದುಗಡೆಯಿಂದ ಚೂರುಚೂರಾಗಿ ಉದುರುತ್ತದೆ. ಜೀವಮಾನದಲ್ಲಿ ಹೀಗೆ 6 ಸರದಿ. ಕೊನೆಯದೂ ಸವೆದರೆ ಮುದಿ ಆನೆಗೆ ಮೇವು ಅಗಿಯಲಾಗುವುದಿಲ್ಲ. ಇದನ್ನು ಕೇಳುತ್ತ ದೊಡ್ಡವಳು ಬಿದ್ದುಹೋದ ತನ್ನ ಮುಂದಿನ ಹಲ್ಲಿನ ಜಾಗದಲ್ಲಿ ನಾಲಿಗೆ ಆಡಿಸುತ್ತ ನಿಂತಿದ್ದಳು. ಕಳೆದ ವರ್ಷ ನಮ್ಮ ಹಲಸಿನ ಮರದ ಕೆಳಗೆ ಆನೆಗಳು ಬಂದು ಹೋದಾಗ ಬಾಗಿಲು ಹಾಕಿಕೊಂಡು ಕುಳಿತಿದ್ದ ಮಕ್ಕಳು ಇವರು. ಅವರಿಗೆ ಆನೆಯೆಂದರೆ ಅಲ್ಲಿಯವರೆಗೆ ಬರೀ ಭಯ ಮತ್ತು ಮುರಿದ ಬೇಲಿ.

ಅಲ್ಲಿ ಕಾಫಿಯೂ ಇದೆ. ಅಡ್ಡಕ್ಕೆ, ಉದ್ದಕ್ಕೆ ಸೀಳಿದ ಅರೇಬಿಕಾ ಕಾಂಡ, ಅದರೊಳಗೆ ಬಿಳಿ ಕಾಂಡಕೊರಕದ ಹುಳು ಕೊರೆದು ಹಿಕ್ಕೆ ತುಂಬಿದ ಸುರಂಗಗಳು, ಪಕ್ಕದಲ್ಲಿ ಸೂಜಿಗೆ ಚುಚ್ಚಿಟ್ಟ ದುಂಬಿ. ಕಪ್ಪು ಮೈಗೆ ಬಿಳಿ ಪಟ್ಟೆ, ಬೆರಳ ಗಿಣ್ಣಿನಷ್ಟೂ ಉದ್ದವಿಲ್ಲ. ನೆರಳು ಕಡಿದು ಬಿಸಿಲು ಬಿದ್ದ ಗಿಡವನ್ನೇ ಅದು ಹುಡುಕಿಕೊಂಡು ಬರುತ್ತದೆ ಎಂದು ನಮ್ಮ ಅಪ್ಪ ವರ್ಷವರ್ಷವೂ ಮರ ಕಪಾತು ಮಾಡುವವರ ಹತ್ತಿರ ಜಗಳವಾಡುತ್ತಿದ್ದದ್ದು ನಿನಗೂ ಗೊತ್ತು. ಕಿತ್ತು ಸುಡುವ ಗಿಡಗಳ ರಾಶಿಯನ್ನು ಮಕ್ಕಳು ಎಷ್ಟೋ ಸಲ ನೋಡಿದ್ದಾರೆ. ಒಳಗೆ ಏನಾಗಿತ್ತೆಂದು ಕಂಡದ್ದು ಇದೇ ಮೊದಲು.

ಹಾರುವ ಓತಿ, ಅಟ್ಲಾಸ್ ಪತಂಗ, ಕಾಡುಪಾಪ ಎಲ್ಲವೂ ಇವೆ, ಬಂದಾಗ ನೋಡುವೆಯಂತೆ. ಒಂದನ್ನು ಮಾತ್ರ ಹೇಳಿಬಿಡುತ್ತೇನೆ. ಒಂದು ಜಾಡಿಯಲ್ಲಿ ಎರೆಹುಳುವಿನ ಹಾಗೆ ಮೈತುಂಬ ಉಂಗುರಗಳಿರುವ, ಗೇಣುದ್ದದ ಪ್ರಾಣಿ ಇದೆ. ಹಾವೂ ಅಲ್ಲ, ಹುಳುವೂ ಅಲ್ಲ. ಸಿಸಿಲಿಯನ್, ಕಪ್ಪೆಯ ನೆಂಟ, ಕಾಲಿಲ್ಲದ ಉಭಯವಾಸಿ. ಒದ್ದೆ ಮಣ್ಣಿನೊಳಗೇ ಬದುಕುತ್ತದೆ, ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು ಕಾವಲು ಕಾಯುತ್ತದೆ. ಗೊಬ್ಬರದ ಗುಂಡಿ ತೆಗೆಯುವಾಗ ಸಿಕ್ಕರೆ ಹಾವಿನ ಮರಿಯೆಂದು ಗುದ್ದಲಿಯಲ್ಲಿ ಕತ್ತರಿಸಿ ಎಸೆಯುತ್ತಾರೆ. ಯಾರಿಗೂ ಕೇಡು ಮಾಡದ ಜೀವ. ತೋಟದಲ್ಲಿ ಬೆಳೆಯುವ ಪ್ರತಿಯೊಂದು ಮಗುವೂ ಆ ಜಾಡಿಯನ್ನು ಒಂದು ಸಲವಾದರೂ ನೋಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ನೀನು ಸಿದ್ಧನಾಗಿರಬೇಕಾದ ಪ್ರಶ್ನೆಯೊಂದಿದೆ. ಕೆಂದಳಿಲಿನ ಮುಂದೆ ನಿಂತು ಚಿಕ್ಕವನು, ‘ಇದನ್ನು ಕೊಂದರಾ ಅಪ್ಪಾ?’ ಎಂದು ಕೇಳಿದ. ಮಲಗಿದೆ ಎಂದೋ ಗೊಂಬೆ ಎಂದೋ ಹೇಳಿ ಜಾರಿಕೊಳ್ಳಬೇಡ. ಮಕ್ಕಳಿಗೆ ಸುಳ್ಳು ತಿಳಿಯುತ್ತದೆ, ಮತ್ತೆ ನಮ್ಮನ್ನು ಕೇಳುವುದಿಲ್ಲ. ಚೀಟಿಯಲ್ಲಿ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತದ್ದು ಎಂದು ಬರೆದಿತ್ತು, ಅದನ್ನೇ ಓದಿ ಹೇಳಿದೆ. ಹಳೆಯ ಕೆಲವು ಹಕ್ಕಿಗಳನ್ನು ಹಿಂದಿನ ಕಾಲದಲ್ಲಿ ಹೊಡೆದೇ ತಂದದ್ದು. ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಬರುವಾಗ ದಾರಿಯುದ್ದಕ್ಕೂ ಕಾರನ್ನು ನಿಧಾನ ಓಡಿಸು ಎನ್ನುತ್ತಿದ್ದ.

ನಮ್ಮ ಜಿಲ್ಲೆಯ ಮನೆಗಳಲ್ಲಿ ಗೋಡೆಯ ಮೇಲೆ ಹುಲಿ, ಚಿರತೆ, ಕಾಟಿಯ (ಕಾಡುಕೋಣದ) ತಲೆಗಳನ್ನು ನೋಡುತ್ತ ಬೆಳೆದವರು ನಾವು. ಹುಲಿ ಹೊಡೆದವನಿಗೆ ಮದುವೆಯಂತೆ ‘ನರಿ ಮಂಗಲ’ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ) ಮಾಡುತ್ತಿದ್ದ ಕೊಡವರ ಪದ್ಧತಿಯನ್ನೂ ಕೇಳಿದ್ದೇವೆ. ಬೇಟೆಯ ಪ್ರಾಣಿಗಳನ್ನು ಕೆಡದಂತೆ ಹದಮಾಡಿಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ 1999ರಲ್ಲಿ ಮುಚ್ಚುವ ಮೊದಲು ತಯಾರಿಸಿದ ತಲೆಗಳು ಇಂದಿಗೂ ಗಟ್ಟಿಯಾಗಿವೆ. ಆದರೆ ಗೋಡೆಯ ಮೇಲಿನ ತಲೆ ಹೇಳುವುದು ಹೊಡೆದವರ ಕಥೆಯನ್ನು. ಜಾಡಿಗೆ ಅಂಟಿಸಿದ ಚೀಟಿ ಹೇಳುವುದು ಪ್ರಾಣಿಯ ಕಥೆಯನ್ನು: ಯಾವ ಊರು, ಯಾವ ದಿನ, ಹಳ್ಳದ ಬದಿಯೋ ಮರದ ಮೇಲೋ. ನನಗೆ ಆ ಕೊಠಡಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಈ ಚೀಟಿಗಳೇ. ಒಂದು ಕಪ್ಪೆಯ ಜಾಡಿಯ ಮೇಲೆ ‘ಮಕ್ಕಂದೂರು, ಹಳ್ಳದ ಕಲ್ಲಿನಡಿ’ ಎಂದಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಕಡೆ ಗುಡ್ಡಗಳು ಜಾರಿ ಹಳ್ಳಗಳ ದಾರಿಯೇ ಬದಲಾದದ್ದು ನಿನಗೆ ಗೊತ್ತಲ್ಲ. ಆ ಕಪ್ಪೆ ಹಿಡಿದದ್ದು ಅದಕ್ಕೂ ಮೊದಲು. ದ್ರಾವಣದಲ್ಲಿ ಅದರ ಬಣ್ಣವೆಲ್ಲ ಹೋಗಿ ಬೆಳ್ಳಗಾಗಿದೆ, ಚೀಟಿಯ ಅಕ್ಷರ ಮಾತ್ರ ಹಾಗೆಯೇ ಇದೆ.

ಕಾಳಿಂಗ ಸರ್ಪದ ಚೀಟಿಯಲ್ಲಿ ವೈಜ್ಞಾನಿಕ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಬೇರೆ ಹೆಸರು ಬರೆದಿದ್ದರು. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಎಂದು 2024ರಲ್ಲಿ ಸಂಶೋಧಕರು ತೋರಿಸಿ ‘ಒಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಟ್ಟರು. ಅದಕ್ಕಾಗಿ ಸಂಗ್ರಹಾಲಯಗಳಲ್ಲಿದ್ದ ಹಾವುಗಳನ್ನೂ ಹೋಲಿಸಿ ನೋಡಿದ್ದರು. ಯಾರೋ ಯಾವ ಕಾಲದಲ್ಲೋ ಚೀಟಿ ಬರೆದು ಎತ್ತಿಟ್ಟಿದ್ದರಿಂದಲ್ಲವೇ ಅದು ಸಾಧ್ಯವಾದದ್ದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಶುರು ಮಾಡಿದ ಸಸ್ತನಿಗಳ ಸಮೀಕ್ಷೆಯವರು ಕೊಡಗಿಗೂ ಬಂದಿದ್ದರು. ಆ ಸಮೀಕ್ಷೆಯ ಮಾದರಿಗಳು ಮುಂಬೈ ಮತ್ತು ಲಂಡನ್‌ಗೆ ಹೋದವು. ನಮ್ಮ ಮಕ್ಕಳು ಅಲ್ಲಿಗೆ ಹೋಗಿ ನೋಡುವುದು ಯಾವಾಗ? ಇಲ್ಲಿ ಉಳಿದಿರುವುದು ಇಷ್ಟೇ, ಇದು ಉಳಿಯಬೇಕು.

ಉಳಿಸುವುದು ಸುಲಭದ ಮಾತಲ್ಲ. ನಮ್ಮ ಮಳೆಗಾಲ ನಿನಗೆ ಹೊಸದೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸ್ಟು ಹಿಡಿಯುವ ಊರಿನಲ್ಲಿ ಹಕ್ಕಿಯ ಗರಿ, ಪತಂಗದ ರೆಕ್ಕೆ ಕಾಪಾಡಬೇಕು. ಅಟೆಂಡರ್ ಒಬ್ಬರು ಕಪಾಟುಗಳೊಳಗೆ ಬಲ್ಬು ಉರಿಸಿಟ್ಟು ಶೀತ ಕಳೆಯುತ್ತಾರೆ, ಜಾಡಿಗಳ ದ್ರಾವಣ ಇಳಿದರೆ ತುಂಬುತ್ತಾರೆ, ಕೀಟಗಳ ಪೆಟ್ಟಿಗೆಯಲ್ಲಿ ಪುಡಿ ಉದುರಿದೆಯೇ ಎಂದು ನೋಡುತ್ತಾರೆ. ಪುಡಿ ಕಂಡರೆ ಒಳಗೆ ಬೇರೆ ಹುಳು ಸೇರಿದೆ ಎಂದೇ ಅರ್ಥ. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವೇ 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಅಂಥದ್ದಕ್ಕೇ ಆ ಗತಿಯಾದರೆ ಒಂದು ಕೊಠಡಿ ಯಾವ ಲೆಕ್ಕ? ಆ ಮನುಷ್ಯನ ಕೆಲಸಕ್ಕೆ ನಾನು ಕೈಮುಗಿದೆ. ಬರುವವರಿದ್ದಾರೆ ಎಂದು ಗೊತ್ತಾದರೆ ಅವರಿಗೂ ಹುರುಪು. ಸಂದರ್ಶಕರ ಪುಸ್ತಕದಲ್ಲಿ ನಿನ್ನ ಮಕ್ಕಳ ಕೈಯಿಂದಲೇ ಹೆಸರು ಬರೆಸು.

ಬರುವಾಗ ಮಕ್ಕಳ ಕೈಗೆ ಹಾಳೆ, ಪೆನ್ಸಿಲ್ ಕೊಡು. ಫೋಟೊ ತೆಗೆಯುವ ಮಗು ಕ್ಷಣದಲ್ಲಿ ಮುಂದೆ ಹೋಗುತ್ತದೆ, ಚಿತ್ರ ಬರೆಯುವ ಮಗು ಕಾಲಿನ ಬೆರಳು ಎಣಿಸುತ್ತದೆ. ಎಲ್ಲವನ್ನೂ ತೋರಿಸಲು ಹೋಗಬೇಡ. ಒಂದು ಗಂಟೆ ಸಾಕು. ಅವರಾಗಿಯೇ ನಿಂತಲ್ಲಿ ನೀನೂ ನಿಲ್ಲು, ಮನೆಗೆ ಬಂದ ಮೇಲೆ ಪರೀಕ್ಷೆ ಮಾಡಿದ ಹಾಗೆ ಪ್ರಶ್ನೆ ಕೇಳಬೇಡ. ಮೇಜಿನ ಮೇಲಿನದು ಬಿಟ್ಟು ಬೇರೆ ಏನನ್ನೂ ಮುಟ್ಟಿಸಬೇಡ, ಹೊರಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಸು. ಹಿಂದೆ ಚರ್ಮಕ್ಕೆ ಹುಳು ಹಿಡಿಯದಿರಲೆಂದು ಆರ್ಸೆನಿಕ್ ಬೆರೆಸಿದ ಸೋಪನ್ನು ಬಳಿಯುತ್ತಿದ್ದರು. ಹಳೆಯ ಹಕ್ಕಿಗಳಲ್ಲಿ ಅದು ಇನ್ನೂ ಇರಬಹುದು. ಭಾನುವಾರ ಬೀಗ, ವಾರದ ದಿನವೇ ಬಾ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಬಂದರೆ ಮಳೆಯೂ ಇರುವುದಿಲ್ಲ. ಮೇಡಂ ಹತ್ತಿರ ನಾನು ಮಾತಾಡಿಡುತ್ತೇನೆ.

ಕೊನೆಗೆ ನಿನ್ನಿಂದ ಒಂದು ಕೆಲಸ ಆಗಬೇಕು. ನಿಮ್ಮ ಹಳೆಯ ಮನೆಯ ಜಗಲಿಯಲ್ಲಿ ಕಾಟಿಯ ಕೊಂಬಿತ್ತಲ್ಲ, ನಿನ್ನ ಅಜ್ಜನ ಕಾಲದ್ದು. ಕೊಂಬು ನಿಮ್ಮಲ್ಲೇ ಇರಲಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದನ್ನು ಮನಸ್ಸಿಗೆ ಬಂದ ಹಾಗೆ ಯಾರ ಕೈಗೂ ದಾಟಿಸುವಂತಿಲ್ಲ. ನನಗೆ ಬೇಕಾದದ್ದು ಅದರ ವಿವರ. ಅದು ಯಾವ ಕಾಡಿನಿಂದ ಬಂತು, ಸುಮಾರು ಯಾವ ವರ್ಷ, ಆಗ ಆ ಕಡೆ ಕಾಟಿಗಳು ಹಿಂಡಾಗಿ ಇದ್ದವೇ ಎಂದು ಅಮ್ಮನನ್ನು ಕೂರಿಸಿಕೊಂಡು ಕೇಳಿ, ಅವರು ಹೇಳಿದಂತೆಯೇ ಬರೆದುಕೊಂಡು ಬಾ. ಇಂಥ ಮಾಹಿತಿ ತಂದುಕೊಟ್ಟರೆ ರಿಜಿಸ್ಟರಿನಲ್ಲಿ ಸೇರಿಸಿಕೊಳ್ಳುತ್ತೇವೆ ಎಂದು ಮೇಡಂ ಹೇಳಿದ್ದಾರೆ.

ಅಮ್ಮನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ಇಂತಿ,
ನಿನ್ನ ಗೆಳೆಯ